ಮರುಮದುವೆಗೆ ಮುನ್ನ

ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ, ವಿಚ್ಛೇದನವಾದ ಹೆಣ್ಣುಮಗಳನ್ನು ನೆಂಟರು ಹೆದರಿಸುವ ಮಾತು ಒಂದೇ: ‘ಇನ್ನೊಂದು ಮದುವಿ ಆದ್ರ ಕೂಸು ಕೈ ತಪ್ಪತೈತವ್ವ.’ ಹೆದರಬೇಡಿ ತಾಯಿ. ಮರುಮದುವೆಯೊಂದೇ ಕಾರಣಕ್ಕೆ ಮಗುವನ್ನು ಕಿತ್ತುಕೊಳ್ಳಲು ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಗೆ ಮಗುವಿನ ಹಿತವೇ ಮೊದಲು. ತಂದೆ ಮರುಮದುವೆಯಾದರೂ ಇದೇ ಅಳತೆ.

ಆದರೆ ಹೊಸ ಮನೆಯ ವಿಚಾರ ನ್ಯಾಯಾಲಯದಲ್ಲಿ ಬಂದೇ ಬರುತ್ತದೆ. ಕೂಸು ಯಾರ ಮಗ್ಗುಲಲ್ಲಿ ಮಲಗುತ್ತದೆ, ಶಾಲೆ ಬದಲಾಗುತ್ತದೆಯೇ, ಮಲತಂದೆ ಕರೆದರೆ ಓಡಿ ಬರುತ್ತದೆಯೋ, ಬಾಗಿಲ ಹಿಂದೆ ನಿಲ್ಲುತ್ತದೆಯೋ? ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳಬಹುದು. ಅದಕ್ಕೇ, ಮದುವೆ ಸುದ್ದಿಯನ್ನು ಮಗುವಿಗೆ ನೀವೇ ಮೊದಲು ಹೇಳಿ. ಓಣಿಯವರ ಬಾಯಿಂದ ಕೇಳಿಸಬೇಡಿ.

ವಕೀಲರ ಖರ್ಚಿನ ಚಿಂತೆಯಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ.