ಮಲ್ಪೆಗೆ ಗುಳೆ ಹೊರಟ ತಮ್ಮನಿಗೆ

ತಮ್ಮಾ, ಮಸ್ಕಿ ಸೀಮೆಯಿಂದ ಮಲ್ಪೆ ಬಂದರಿಗೆ ಗುಳೆ ಹೋಗುವವರಲ್ಲಿ ನೀನೇನೂ ಮೊದಲಿಗನಲ್ಲ. ರೂಮು, ಊಟ, ಕೂಲಿಯ ಲೆಕ್ಕವನ್ನು ಅಲ್ಲಿರುವ ನಮ್ಮವರೇ ಹೇಳಿಕೊಡುತ್ತಾರೆ. ನಾನು ಹೇಳಬೇಕೆಂದಿರುವುದು ನಿನ್ನ ಕೂಲಿಗೆ ದಾರಿಯಾಗುವ ಮೀನಿನ ಸಂಗತಿ. ಅದು ಬೂತಾಯಿ. ಕುಂದಾಪುರದ ಕಡೆ ಬೈಗೆ ಅಂತಾರೆ, ಕಾರವಾರದ ಕಡೆ ತಾರ್ಲೆ.

ನೀನು ನೋಡಿ ಬೆಳೆದದ್ದು ಸಿಂಧನೂರಿನ ಕ್ಯಾಂಪುಗಳ ಹೊಂಡದ ಕಾಟ್ಲಾ, ರೋಹು. ಅಲ್ಲಿ ಮರಿ ತಂದು ಬಿಡುತ್ತಾರೆ, ಮೇವು ಹಾಕುತ್ತಾರೆ, ಹಿಡಿದು ಮುಗಿದ ಮೇಲೆ ಮತ್ತೆ ಮರಿ ತರುತ್ತಾರೆ. ಸಮುದ್ರಕ್ಕೆ ಬೂತಾಯಿ ಮರಿ ಬಿಡುವವರು ಯಾರೂ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೋಟು ಹತ್ತು.

ಧಕ್ಕೆಗೆ ಹೋದ ಮೊದಲ ದಿನ ಒಂದನ್ನು ಅಂಗೈ ಮೇಲಿಟ್ಟು ನೋಡು. ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ ಬಣ್ಣ. ಮುಟ್ಟಿದರೆ ಸಾಕು, ಪರೆ ಬೆರಳಿಗೆ ಅಂಟಿ ಬರುತ್ತದೆ. ಕಿವಿರಿನ ಮುಚ್ಚಳ ಎತ್ತಿದರೆ ಬಾಚಣಿಗೆ ಹಲ್ಲಿನಂಥ ಸಣ್ಣ ಎಳೆಗಳ ಸಾಲು ಕಾಣುತ್ತದೆ. ಅದರಲ್ಲಿ ನೀರು ಸೋಸಿ, ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು ಬದುಕುವ ಮೀನು ಇದು. ಮುಂಗಾರು ಗಾಳಿ ಬೀಸಿದಾಗ ಸಮುದ್ರದ ಕೆಳಗಿನ ತಣ್ಣೀರು ಸಾರ ಹೊತ್ತು ಮೇಲಕ್ಕೆ ಬರುತ್ತದೆ, ಆ ಸಾರಕ್ಕೆ ಪಾಚಿ ಹುಲುಸಾಗುತ್ತದೆ. ಹೊಟ್ಟೆಗೆ ಸಿಗುವ ಆ ಕಾಲವನ್ನೇ ನೋಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂತಾಯಿ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣಿನಲ್ಲೂ ಸಾವಿರಾರು ಮೊಟ್ಟೆ. ಉಳಿದ ಮರಿ ಒಂದು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆದು ತಾನೂ ಮೊಟ್ಟೆಗೆ ಬರುತ್ತದೆ. ಆಯಸ್ಸು ಹೆಚ್ಚೆಂದರೆ ಎರಡೂವರೆ, ಮೂರು ವರ್ಷ.

ಅಂಜಲ್‌ನಂಥ ದೊಡ್ಡ ಮೀನಿಗೆ ಹೆದರಿ ಅದು ಗುಂಪು ಕಟ್ಟುತ್ತದೆ. ಪರ್ಸೀನ್ ಬಲೆ ಬಂದ ಮೇಲೆ ಆ ಗುಂಪೇ ಅದಕ್ಕೆ ಮುಳುವಾಯಿತು, ಸುತ್ತು ಹಾಕಿದರೆ ಹಿಂಡಿಗೆ ಹಿಂಡೇ ಬಲೆಯೊಳಗೆ. ಆದರೂ ಬಲೆಯೊಂದನ್ನೇ ದೂರಬೇಡ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕ ಇದೇ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಸಮುದ್ರದ ಹವೆ ಕೆಟ್ಟದ್ದೂ ಅದಕ್ಕೆ ದೊಡ್ಡ ಕಾರಣ ಎಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ನಮ್ಮ ಎರೆಹೊಲದವರಿಗೆ ಮಳೆ ಕೈಕೊಟ್ಟ ವರ್ಷದ ಕಷ್ಟ ಗೊತ್ತು. ಅದಕ್ಕೇ ಹೇಳುತ್ತೇನೆ, ಮೀನು ಸುರಿದ ತಿಂಗಳ ದುಡ್ಡನ್ನು ಆ ತಿಂಗಳೇ ಮುಗಿಸಬೇಡ. ಮೊಬೈಲಿನ ಕಂತಿಗಂತೂ ಸಿಕ್ಕಿಕೊಳ್ಳಲೇಬೇಡ.

ಇನ್ನೊಂದು ಮಾತು. 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದು ಎನ್ನುತ್ತಾರೆ ಅದೇ ಸಂಸ್ಥೆಯವರು. ಅಂದಾಜಿಗೆ ಅರ್ಧ ಗೇಣು. ಅಂಥ ಮರಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗುತ್ತದೆ. ಬಲೆ ಎಲ್ಲಿ ಹಾಕಬೇಕು, ಯಾವಾಗ ಬಿಚ್ಚಬೇಕು ಎನ್ನುವುದು ಬೋಟು ನಡೆಸುವ ತಂಡೇಲನಿಗೆ ಬಿಟ್ಟದ್ದು. ಆದರೆ ಬಲೆ ನೀರಲ್ಲಿರುವಾಗಲೇ ಮರಿ ಕಂಡರೆ ಬಾಯಿಬಿಟ್ಟು ಹೇಳು. ನೀರಲ್ಲಿದ್ದರೆ ಬಿಟ್ಟ ಮರಿ ಬದುಕುತ್ತದೆ, ಬೋಟಿಗೆ ಬಿದ್ದ ಮೇಲೆ ಬದುಕುವುದಿಲ್ಲ.

ಮನೆಗೆಂದು ಮೀನು ಇಟ್ಟುಕೊಂಡರೆ ತಕ್ಷಣ ಐಸ್ ಹಾಕು. ಬಿಸಿಲಲ್ಲಿ ಬಿದ್ದ ಬೂತಾಯಿಯಲ್ಲಿ ಹಿಸ್ಟಮಿನ್ ಎಂಬ ವಿಷ ಕೂಡುತ್ತದೆ. ಎಷ್ಟೇ ಕುದಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಅಲ್ಲಿ ಮೀನು ಮೊಟ್ಟೆ ಇಡುವ ಹೊತ್ತು, ಇಲ್ಲಿ ತೊಗರಿ, ಸಜ್ಜೆ ಬಿತ್ತುವ ಹೊತ್ತು. ಆ ಎರಡು ತಿಂಗಳು ಬೇರೆ ಕೂಲಿ ಹುಡುಕಿಕೊಂಡು ಅಲ್ಲೇ ಕೂರಬೇಡ. ಬಿತ್ತಿಗೆಗೆ ಊರಿಗೆ ಬಾ, ನಿಮ್ಮಪ್ಪನಿಗೆ ಆಳು ಸಿಗುತ್ತಿಲ್ಲ.