ಟ್ರ್ಯಾಕ್ಟರಿಗೆ ಟ್ರೇಲರ್ ಕೊಳ್ಳುವ ಮುನ್ನ

ಟ್ರ್ಯಾಕ್ಟರ್ ಕೊಳ್ಳುವಾಗ ನಮ್ಮ ರೈತರು ಹತ್ತು ಕಡೆ ವಿಚಾರಿಸುತ್ತಾರೆ. ಎಷ್ಟು ಅಶ್ವಶಕ್ತಿ, ಡೀಸೆಲ್ ಎಷ್ಟು ಕುಡಿಯುತ್ತದೆ, ಬಿಡಿಭಾಗಗಳು ಹತ್ತಿರದಲ್ಲಿ ಸಿಗುತ್ತವೆಯೇ ಎಂದೆಲ್ಲ ಕೇಳಿ ತಿಳಿಯುತ್ತಾರೆ. ಟ್ರೇಲರಿನ ವಿಷಯಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ವ್ಯಾಪಾರ ಮುಗಿದಿರುತ್ತದೆ. ಟ್ರ್ಯಾಕ್ಟರ್ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಟ್ರೇಲರುಗಳಾದರೋ ಬಹುಪಾಲು ಪಟ್ಟಣದ ವರ್ಕ್‌ಶಾಪುಗಳಲ್ಲಿ ತಯಾರಾಗುವಂಥವು. ಒಂದು ಕಡೆಯ ಕೆಲಸದಂತೆ ಇನ್ನೊಂದು ಕಡೆಯದು ಇರುವುದಿಲ್ಲ. ಆದ್ದರಿಂದ ಸಾಧ್ಯವಾದರೆ ಬಣ್ಣ ಬಳಿಯುವ ಮೊದಲೇ ಹೋಗಿ ನೋಡಿ. ಬಣ್ಣ ಮತ್ತು ಪುಟ್ಟಿಯ ಅಡಿಯಲ್ಲಿ ಬಹಳಷ್ಟು ದೋಷ ಮುಚ್ಚಿಹೋಗುತ್ತದೆ.

ಮೊದಲು ನಿಮ್ಮ ಹೊರೆ ಯಾವುದೆಂದು ನಿರ್ಧರಿಸಿಕೊಳ್ಳಿ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಬಾಡಿಯಲ್ಲಿ 120 ಘನ ಅಡಿ ಜಾಗವಿರುತ್ತದೆ. ಇದರ ತುಂಬ ಭತ್ತ ಸುರಿದರೆ ಸುಮಾರು 2 ಟನ್ ಆಗುತ್ತದೆ. ಅದೇ ಮಟ್ಟಕ್ಕೆ ಮರಳು ತುಂಬಿದರೆ 5 ಟನ್ ಮೀರುತ್ತದೆ. ಭತ್ತಕ್ಕೆಂದು ಕೊಂಡು ಬೇಸಿಗೆಯಲ್ಲಿ ಮರಳಿಗೂ ಜಲ್ಲಿಗೂ ಕಳಿಸುವುದರಿಂದಲೇ ಅನೇಕ ಟ್ರೇಲರುಗಳ ಅಚ್ಚು ಬಾಗುತ್ತದೆ.

ಎರಡು ಚಕ್ರವೋ, ನಾಲ್ಕು ಚಕ್ರವೋ ಎಂಬುದು ಮುಂದಿನ ಪ್ರಶ್ನೆ. ಎರಡು ಚಕ್ರದ ಟ್ರೇಲರಿನ ಭಾರದಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಹಿಂಭಾಗದ ಮೇಲೆ ಕೂರುತ್ತದೆ. ಇದರಿಂದ ಹಸಿ ನೆಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಹಿಡಿತ ಸಿಗುತ್ತದೆ. ಹೊಲದ ಮೂಲೆಯಲ್ಲಿ ಹಿಂದಕ್ಕೆ ತೆಗೆಯುವುದೂ ಸುಲಭ. ಆದರೆ ಎತ್ತಿನ ಗಾಡಿಯಂತೆಯೇ ಇಲ್ಲೂ ಸಮತೋಲ ಮುಖ್ಯ. ಮೂಕಿಯ ಮೇಲೆ ಭಾರ ಹೆಚ್ಚಾದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಚಕ್ರದ್ದು ತನ್ನ ಭಾರವನ್ನು ತಾನೇ ಹೊರುತ್ತದೆ. ಕಬ್ಬು ಸಾಗಿಸುವವರಿಗೆ, ದೂರದ ರಸ್ತೆಗೆ ಅದು ಒಪ್ಪುತ್ತದೆ. ಹಿಂದಕ್ಕೆ ತೆಗೆಯಲು ಮಾತ್ರ ಕೈ ಪಳಗಿದ ಚಾಲಕನೇ ಬೇಕು.

ಈಗ ಟ್ರೇಲರಿನ ಅಡಿಗೆ ತೂರಿ ನೋಡಿ. ಸಂಕೋಚ ಬೇಡ, ಒಂದು ಗೋಣಿಚೀಲ ಹಾಸಿಕೊಂಡರಾಯಿತು. ಉದ್ದದ ಚಾನೆಲುಗಳು ಒಂದೇ ತುಂಡಿನವೇ ಅಥವಾ ನಡುವೆ ಜೋಡಿಸಿದ್ದಾರೆಯೇ ಎಂದು ಪರೀಕ್ಷಿಸಿ. ಬೆಸುಗೆ ಒಂದೇ ಸಮನಾಗಿ, ಸಣ್ಣ ರಂಧ್ರಗಳಿಲ್ಲದೆ ಹರಿದಿರಬೇಕು. ಅಲ್ಲಲ್ಲಿ ಚುಕ್ಕೆಯಿಟ್ಟಂತೆ ಬೆಸೆದದ್ದು ಹೊರೆಗೆ ತಡೆಯುವುದಿಲ್ಲ. ಮೂಕಿ ಚಾಸಿಸ್ಸಿಗೆ ಸೇರುವ ಜಾಗ ಮತ್ತು ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಇವೆರಡರಲ್ಲೇ ಬಿರುಕು ಮೊದಲು ಕಾಣಿಸಿಕೊಳ್ಳುವುದು. ಅಲ್ಲಿ ತ್ರಿಕೋನಾಕಾರದ ಆಸರೆ ತಗಡು ಕೊಟ್ಟಿದ್ದಾರೆಯೇ ಎಂದು ಕೇಳಿ.

ಕಬ್ಬಿಣ ಕಡಿಮೆ ಹಾಕಿದ್ದಾರೆಯೇ ಎಂದು ತಿಳಿಯುವುದು ಕಷ್ಟವಲ್ಲ. 1 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. ಮೇಲೆ ಹೇಳಿದ ಬಾಡಿಯ ತಳ ಸುಮಾರು 5.6 ಚದರ ಮೀಟರ್. 3 ಮಿ.ಮೀ. ತಗಡು ಹಾಕಿದ್ದರೆ ತಳವೊಂದೇ 130 ಕೆ.ಜಿ. ಆಸುಪಾಸು ಇರಬೇಕು, 2 ಮಿ.ಮೀ. ಆದರೆ 88 ಕೆ.ಜಿ. ಮಾತ್ರ. 100 ಮಿ.ಮೀ. ಚಾನೆಲ್ ಮೀಟರಿಗೆ 9 ಕೆ.ಜಿ.ಗಿಂತ ಹೆಚ್ಚು ತೂಗಿದರೆ 75 ಮಿ.ಮೀ.ನದು ಸುಮಾರು 7 ಕೆ.ಜಿ. ತೂಗುತ್ತದೆ. ಆದ್ದರಿಂದ ಕೊಟೇಶನ್ನಿನಲ್ಲಿ ತಗಡಿನ ದಪ್ಪ, ಚಾನೆಲಿನ ಅಳತೆ, ಖಾಲಿ ಟ್ರೇಲರಿನ ತೂಕ ಈ ಮೂರನ್ನೂ ಬರೆಸಿಕೊಳ್ಳಿ. ತಯಾರಾದ ಮೇಲೆ ವೇಬ್ರಿಜ್‌ನಲ್ಲಿ ತೂಗಿಸಿ. ಬರೆದುಕೊಟ್ಟ ತೂಕಕ್ಕೂ ನಿಜವಾದ ತೂಕಕ್ಕೂ ಅಂತರವಿದ್ದರೆ ಅಲ್ಲಿಯೇ ಕೇಳಬಹುದು.

ಅಚ್ಚು ನೇರವಾಗಿ ಕೂತಿದೆಯೇ ಎಂಬುದನ್ನು ಒಂದು ಹಗ್ಗದಿಂದ ಪರೀಕ್ಷಿಸಬಹುದು. ಎರಡು ಚಕ್ರದ ಟ್ರೇಲರಿನಲ್ಲಿ ಮೂಕಿಯ ತುದಿಯ ಬಳೆಯಿಂದ ಅಚ್ಚಿನ ಎಡತುದಿಗೆ ಹಗ್ಗ ಹಿಡಿದು ಗುರುತು ಮಾಡಿ, ಅದೇ ಹಗ್ಗವನ್ನು ಬಲತುದಿಗೆ ಹಿಡಿಯಿರಿ. ಎರಡೂ ಸಮನಾಗಿರಬೇಕು. ಇಲ್ಲವಾದರೆ ಟ್ರೇಲರ್ ಓರೆಯಾಗಿ ಓಡಿ ಟೈರು ಸವೆಯುತ್ತದೆ. ಟೈರು ಹೊಸದೋ, ಲಾರಿಯಿಂದ ಬಿಚ್ಚಿದ ಹಳೆಯದೋ ಎಂಬುದನ್ನೂ ಬರೆಸಿಕೊಳ್ಳಿ.

ಬ್ರೇಕಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಹಿಂದೆ ಅದರ ಎರಡು ಮೂರು ಪಟ್ಟು ಹೊರೆ ಇರುವಾಗ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ, ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚಿಬೀಳುವುದು ಹೀಗೆಯೇ. ಹೂವು ಬಳ್ಳಿ ಬರೆಸುವ ಹಣವನ್ನು ಇದಕ್ಕೆ ಹಾಕುವುದು ಜಾಣತನವೆಂದು ನನ್ನ ಅಭಿಪ್ರಾಯ. ಹುಕ್ಕಿಗೆ ಸರಿಯಾದ ಪಿನ್ನು, ಅದು ಮೇಲೇಳದಂತೆ ತಡೆ, ಜೊತೆಗೊಂದು ಸರಪಳಿ ಇರಬೇಕು. ಕೈಗೆ ಸಿಕ್ಕ ಸಲಾಕೆಯ ತುಂಡು ಪಿನ್ನಾಗಲಾರದು. ಹಿಂಬದಿಗೂ ಪಕ್ಕಗಳಿಗೂ ಬೆಳಕು ಹೊಳೆಯಿಸುವ ಪಟ್ಟಿ ಅಂಟಿಸಿ. ರಾತ್ರಿ ಕೆಟ್ಟು ನಿಂತ ಟ್ರೇಲರಿಗೆ ಬೈಕುಗಳು ಗುದ್ದುವುದುಂಟು. ಹೈಡ್ರಾಲಿಕ್ ಎತ್ತುವ ಬಾಡಿಯಾದರೆ ಕಬ್ಬಿಣದ ಊರುಗೋಲು ಇದೆಯೇ ನೋಡಿ. ಎಣ್ಣೆಯ ಒತ್ತಡವನ್ನೇ ನಂಬಿ ಎತ್ತಿದ ಬಾಡಿಯ ಕೆಳಗೆ ಯಾರೂ ಹೋಗಬಾರದು.

ದಿನಸಿ, ಬಿತ್ತನೆ ಬೀಜ ಸಾಗಿಸಲು ಮೇಲ್ಛಾವಣಿಯಿರುವ ಮುಚ್ಚಿದ ಬಾಡಿ ಮಾಡಿಸುವವರು ನಡುಹಗಲಿನಲ್ಲಿ ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಲಿ. ಬೆಳಕು ತೂರುವ ಸಂದಿನಲ್ಲಿ ಮಳೆಯ ನೀರೂ ತೂರುತ್ತದೆ. ತರಕಾರಿಗಾದರೆ ಗಾಳಿಕಿಂಡಿ ಅವಶ್ಯ. ಛಾವಣಿಯಿಂದ ಎತ್ತರ ಹೆಚ್ಚಿ ತಿರುವಿನಲ್ಲಿ ಓಲಾಡುವುದನ್ನೂ ಗಮನದಲ್ಲಿಡಿ.

ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ಹೊಂದಬೇಕು. ಟ್ರೇಲರಿಗೂ ನೋಂದಣಿ ಬೇಕು. ಟ್ರ್ಯಾಕ್ಟರಿನ ವಿಮೆ ಇದಕ್ಕೂ ಸಾಕೆಂದು ಭಾವಿಸದೆ ವಿಚಾರಿಸಿ.

ಒಂದಿಷ್ಟು ಹಣವನ್ನು ಉಳಿಸಿಕೊಂಡು, ಹೊರೆ ಹಾಕಿ ಹತ್ತು ಕಿ.ಮೀ. ಓಡಿಸಿ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಓಡಿಸಿ ನಿಲ್ಲಿಸಿದ ಕೂಡಲೇ ಚಕ್ರದ ಹಬ್ಬಿನ ಹತ್ತಿರ ಮೆಲ್ಲಗೆ ಕೈ ಒಯ್ಯಿರಿ. ತುಸು ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಬಿಗಿಯಾಗಿದೆ ಅಥವಾ ಗ್ರೀಸು ಸಾಲದು, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಸರಿಪಡಿಸಿದ ನಂತರವೇ ಮನೆಗೆ ತನ್ನಿ.