ಬೀಳುವುದಕ್ಕೆ ಕಡಿಮೆ, ಉಳಿಯುವುದಕ್ಕೆ ಹೆಚ್ಚು

ರಿಮೋಟ್ ವಿಮಾನ ಹಾರಿಸುವವರ ಸುತ್ತ ಸೇರುವ ಜನ ಮೊದಲು ಕೇಳುವುದು ‘ಎಷ್ಟು ಎತ್ತರ ಹೋಗತ್ತೆ ಸಾರ್?’ ಎಂದು. ಆಮೇಲಿನದು ‘ಎಷ್ಟಾಯ್ತು ಸಾರ್?’. ಈ ಎರಡನೆಯದಕ್ಕೆ ಒಂದೇ ಅಂಕಿ ಹೇಳಿ ಕಳಿಸಿದರೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ಈ ಹವ್ಯಾಸದಲ್ಲಿ ದುಡ್ಡು ಮೂರು ಬಾಬತ್ತಿಗೆ ಹೋಗುತ್ತದೆ: ಉಳಿಯುವ ಸಾಮಾನು, ಮುರಿಯುವ ಸಾಮಾನು, ಸವೆಯುವ ಸಾಮಾನು. ನನ್ನ ಲೆಕ್ಕದ ಪುಸ್ತಕದಲ್ಲಿ ಮೂರಕ್ಕೂ ಬೇರೆ ಬೇರೆ ಕಲಂ ಇದೆ.

ಉಳಿಯುವುದು ಟ್ರಾನ್ಸ್‌ಮಿಟರ್ ಮತ್ತು ಚಾರ್ಜರ್. ವಿಮಾನ ನೆಲಕ್ಕೆ ಬಡಿದರೂ ಟ್ರಾನ್ಸ್‌ಮಿಟರ್ ಕೈಯಲ್ಲೇ ಇರುತ್ತದೆ, ಮುಂದಿನ ವಿಮಾನಕ್ಕೂ ಅದೇ ಸಾಕು. ಹಾಗಾಗಿ ಕಂಜೂಸುತನ ಇಲ್ಲಿ ಸಲ್ಲ. 2.4 ಗಿಗಾಹರ್ಟ್ಸ್‌ನ ಆರು ಚಾನೆಲ್‌ನ ಒಂದು ಸೆಟ್, ರಿಸೀವರ್ ಸಮೇತ, ಸುಮಾರು 5,000 ರೂಪಾಯಿ. ಬ್ಯಾಟರಿಯ ಸೆಲ್‌ಗಳನ್ನು ಸಮತೋಲನದಲ್ಲಿಡುವ ಬ್ಯಾಲೆನ್ಸ್ ಚಾರ್ಜರ್‌ಗೆ ಇನ್ನೊಂದು 2,000. ಟ್ರಾನ್ಸ್‌ಮಿಟರ್ ಮೊದಲು ಕೊಳ್ಳುವುದಕ್ಕೆ ಬೇರೆ ಕಾರಣವೂ ಇದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಬಹುದು. ಪಿಕಾಸಿಮ್‌ನಂಥವು ಪುಕ್ಕಟೆ ಸಿಗುತ್ತವೆ. ಹೊಸಬರ ವಿಮಾನ ಹೆಚ್ಚಾಗಿ ಬೀಳುವುದು ಅದು ನಮ್ಮ ಕಡೆಗೆ ತಿರುಗಿ ಬರುವಾಗ. ಆಗ ಕಣ್ಣಿಗೆ ಎಡಬಲ ಅದಲುಬದಲಾಗುತ್ತದೆ, ಬೆರಳು ಇನ್ನೂ ಹಳೆಯ ದಿಕ್ಕಿನಲ್ಲೇ ಇರುತ್ತದೆ. ಈ ಗೊಂದಲ ಮನೆಯಲ್ಲೇ ಕಳೆದರೆ ರಿಪೇರಿ ಖರ್ಚು ಅಷ್ಟು ಇಳಿಯಿತು.

ಮುರಿಯುವುದು ವಿಮಾನ. ಕಲಿಯುವ ವಿಮಾನ ಬಿದ್ದೇ ಬೀಳುತ್ತದೆ, ಅಗ್ಗವಾಗಿರಬೇಕು. ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಯುದ್ಧವಿಮಾನದ ಮಾದರಿ ಕಲಿಯುವವರಿಗಲ್ಲ. ರೆಕ್ಕೆ ಮೇಲ್ಗಡೆ ಇದ್ದು, ಅದರ ಎರಡು ತುದಿ ತುಸು ಮೇಲಕ್ಕೆ ಬಾಗಿರುವ ಟ್ರೇನರ್ ಸಾಕು. ಆ ಬಾಗುವಿಕೆಯಿಂದಾಗಿ ವಾಲಿದ ವಿಮಾನ ತಾನೇ ನೇರವಾಗಲು ನೋಡುತ್ತದೆ. ಮೋಟರ್, ಸ್ಪೀಡ್ ಕಂಟ್ರೋಲರ್, ಸರ್ವೋಗಳು, ಪ್ರೊಪೆಲ್ಲರ್ ಎಲ್ಲ ಸೇರಿ 2,000ದ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದರೆ ಹೆಚ್ಚಿನವು ಸಿಗುತ್ತವೆ. ಮೈ ಮಾಡಲು ಫೋಮ್ ಬೋರ್ಡು ಅಥವಾ ಜಾಹೀರಾತು ಫಲಕಕ್ಕೆ ಬಳಸುವ ಸನ್‌ಪ್ಯಾಕ್ ಶೀಟು, 300 ರೂಪಾಯಿ ಒಳಗೆ. ಮೂಗು ಜಜ್ಜಿದರೆ ಹಾಟ್ ಗ್ಲೂ ಮತ್ತು ಪ್ಯಾಕಿಂಗ್ ಟೇಪು. ಒಳಗಿನ ಸಾಮಾನು ಬಹುಪಾಲು ಮುಂದಿನ ಮೈಗೆ ವರ್ಗವಾಗುತ್ತದೆ.

ಸವೆಯುವ ಬಾಬತ್ತಿನಲ್ಲಿ ಲೆಕ್ಕ ತಪ್ಪುವುದು ಸುಲಭ, ಏಕೆಂದರೆ ಸವೆತಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಮೂರು ಸೆಲ್‌ನ 2,200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಲು ಯೂನಿಟ್ಟಿನ ಸುಮಾರು ನಲವತ್ತರಲ್ಲಿ ಒಂದು ಭಾಗ ವಿದ್ಯುತ್ ಸಾಕು. ಅಂದರೆ ಇಪ್ಪತ್ತು ಪೈಸೆಯ ಆಜುಬಾಜು. ಹಾರಾಟ ಪುಕ್ಕಟೆ ಎಂದು ಹಿಗ್ಗುವ ಮೊದಲು ಬ್ಯಾಟರಿಯ ಬೆಲೆ ಸೇರಿಸಿ. 1,800 ರೂಪಾಯಿಯ ಬ್ಯಾಟರಿ 150 ಹಾರಾಟ ಬಾಳಿದರೆ ಹಾರಾಟಕ್ಕೆ 12 ರೂಪಾಯಿ. ಅದನ್ನೇ ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಮೂಲೆಗಿಟ್ಟರೆ, ಅಥವಾ ಪೂರ್ತಿ ಬರಿದು ಮಾಡಿದರೆ, ಬೇಗ ಉಬ್ಬುತ್ತದೆ. 30 ಹಾರಾಟಕ್ಕೇ ಮುಗಿದರೆ ಹಾರಾಟಕ್ಕೆ 60 ರೂಪಾಯಿ. ಹಾರಿಸದ ವಾರ ಸೆಲ್ಲಿಗೆ 3.8 ವೋಲ್ಟ್‌ನಷ್ಟಿರುವಂತೆ ಸ್ಟೋರೇಜ್ ಚಾರ್ಜ್ ಮಾಡಿಡುವ ಶಿಸ್ತಿಗೆ ಕಾಸು ಖರ್ಚಿಲ್ಲ, ಹಾರಾಟದ ಖರ್ಚು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಬ್ಬಿದ ಲಿಪೊ ಬೆಂಕಿಗೆ ಆಹ್ವಾನ. ಕಾಸಿನ ಆಸೆಗೆ ಇನ್ನೊಂದು ಸಲ ಎಂದು ಬಳಸಬಾರದು.

ನನ್ನ ಭಾನುವಾರದ ಖರ್ಚಿನಲ್ಲಿ ಬ್ಯಾಟರಿಯನ್ನೂ ಮೀರಿಸುವುದು ಪೆಟ್ರೋಲು. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ನಾಲ್ಕು ಕಡೆ ನಿಜವಾದ ವಿಮಾನಗಳೇ ಇಳಿಯುವ ಊರು ನಮ್ಮದು; ಹಾರಿಸಲು ಹೊರವಲಯ ದಾಟಬೇಕು. ಹೋಗಿಬರಲು 60 ಕಿಲೋಮೀಟರ್ ಎಂದರೆ ಕಾರಿಗೆ 400 ರೂಪಾಯಿ. ನಾಲ್ವರು ಒಂದೇ ಕಾರಿನಲ್ಲಿ ಹೋಗುವುದರಿಂದ ತಲೆಗೆ ನೂರಕ್ಕೆ ಇಳಿಯುತ್ತದೆ, ಜೊತೆಗೆ ಅನುಭವಿಗಳ ಸಲಹೆಯೂ ಸಿಗುತ್ತದೆ. ಪೆಟ್ರೋಲಿನಾಚೆ ಕಾನೂನಿನ ಲೆಕ್ಕವೂ ಇದೆ: 2021ರ ಡ್ರೋನ್ ನಿಯಮಗಳು ಹವ್ಯಾಸದ ವಿಮಾನಕ್ಕೂ ಅನ್ವಯ. ವ್ಯಾಪಾರಕ್ಕಲ್ಲದೆ 2 ಕಿಲೋವರೆಗಿನದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಥರ್ಡ್ ಪಾರ್ಟಿ ವಿಮೆಯಿಂದ ವಿನಾಯಿತಿ ಇರುವುದು 250 ಗ್ರಾಂ ಒಳಗಿನ ನ್ಯಾನೋಗಳಿಗೆ. ಅದಕ್ಕಿಂತ ಭಾರದ್ದನ್ನು ಕಟ್ಟುವವರು ವಿಮೆಯನ್ನೂ ಲೆಕ್ಕಕ್ಕೆ ಹಿಡಿಯಲಿ, ಹೊರಡುವ ಮುನ್ನ ಹಾರಿಸುವ ಜಾಗ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಲಿ.

ವಿಮೆ ಬಿಟ್ಟು ಎಲ್ಲ ಕೂಡಿದರೆ ಆರಂಭಕ್ಕೆ 11,000 ರೂಪಾಯಿ ಚಿಲ್ಲರೆ. ಆದರೆ ಅಷ್ಟನ್ನೂ ಒಂದೇ ದಿನ ಸುರಿಯಬೇಡಿ. ಮೊದಲ ತಿಂಗಳು ಟ್ರಾನ್ಸ್‌ಮಿಟರ್ ಮಾತ್ರ ಕೊಳ್ಳಿ, ಸಿಮ್ಯುಲೇಟರ್‌ನಲ್ಲಿ ಕೂತು ನೋಡಿ. ನನ್ನ ಪರಿಚಯದಲ್ಲಿ ಆಸಕ್ತಿ ಕಳೆದುಕೊಂಡವರು ಹೆಚ್ಚಾಗಿ ಅಲ್ಲೇ ಬಿಟ್ಟಿದ್ದಾರೆ. ಸುಸ್ಥಿತಿಯ ಟ್ರಾನ್ಸ್‌ಮಿಟರಿಗೆ ಹವ್ಯಾಸಿಗಳ ನಡುವೆ ಗಿರಾಕಿ ಸಿಗುತ್ತಾರೆ, ಕಳೆದುಕೊಳ್ಳುವುದು ಒಂದೆರಡು ಸಾವಿರ. ಆಸಕ್ತಿ ಗಟ್ಟಿಯಾದರೆ ಎರಡನೇ ತಿಂಗಳು ಚಾರ್ಜರ್ ಮತ್ತು ಬ್ಯಾಟರಿ, ಮೂರನೆಯದರಲ್ಲಿ ವಿಮಾನ. ಅಲ್ಲಿಂದಾಚೆ ತಿಂಗಳಿಗೆ 500 ರೂಪಾಯಿ ರಿಪೇರಿಗೆಂದು ತೆಗೆದಿಡಿ. ಆ ಹಣ ಮುಗಿದ ತಿಂಗಳು ಮತ್ತೆ ಸಿಮ್ಯುಲೇಟರ್. ಬಿಡುವುದಾದರೆ ಅಗ್ಗದಲ್ಲಿ ಬಿಡಲು ದಾರಿ ಇರುವ ಹವ್ಯಾಸಕ್ಕೆ ಮನೆಯವರ ಒಪ್ಪಿಗೆಯೂ ಬೇಗ ಸಿಗುತ್ತದೆ.